ತನ್ನ ಆಂಬುಲೆನ್ಸ್‌ಗೆ ತಾನೇ ಅನುಮತಿ

ಪ್ರಜ್ಞೆಯಿಲ್ಲದೆ ಬಿದ್ದವರ ಹೆಬ್ಬೆರಳು ಹಿಡಿದು ಅವರದೇ ಮೊಬೈಲಿನ ಮೇಲೆ ಒತ್ತಿದ್ದೀರಾ? ನಾನು ಒತ್ತಿದ್ದೇನೆ. (ಕಳ್ಳತನಕ್ಕಲ್ಲ, ಗಾಬರಿಯಾಗಬೇಡಿ.)

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ. ಊರಿಂದ ದೂರದ ಈ ಮಹಾನಗರದ ಘೋಡಬಂದರ್ ರಸ್ತೆಯ ನಮ್ಮ ಕಟ್ಟಡದ ಹದಿನಾಲ್ಕನೇ ಮಹಡಿ. ಎದುರು ಫ್ಲ್ಯಾಟಿನ ಮೈಸೂರಿನ ಸತ್ಯಪ್ರಕಾಶ್ ಪೇಪರ್ ಎತ್ತಿಕೊಳ್ಳಲು ಬಗ್ಗಿದವರು ಪ್ಯಾಸೇಜಿನಲ್ಲೇ ಕುಸಿದರು. ಉಸಿರಿಲ್ಲ. ಅವರ ಹೆಂಡತಿ ಗಿರಿಜಾ ಕೂಗಿದ್ದು ಕೇಳಿ ನಾವಿಬ್ಬರೂ ಓಡಿದೆವು. ನನ್ನವಳು ಮಂಡಿಯೂರಿ ಕೂತು ಎದೆ ಒತ್ತತೊಡಗಿದಳು. ಸೊಸೈಟಿಯ ಸಿಪಿಆರ್ ತರಬೇತಿಗೆ ಇಬ್ಬರೂ ಹೋಗಿದ್ದೆವು. ಅವಳು ಕಲಿತಳು, ನಾನು ವಡೆ ತಿಂದೆ.

ಫೋನ್ ಮಾಡಿದ್ದು ಮಾತ್ರ ನಾನು. ಆಸ್ಪತ್ರೆ ನಮ್ಮ ಕಿಟಕಿಗೇ ಕಾಣುತ್ತದೆ, ಆಂಬುಲೆನ್ಸ್ ಬೇಗ ಬಂತು. ಬಂದು ಗೇಟಿನಲ್ಲಿ ನಿಂತಿತು! ಯಾವ ಫ್ಲ್ಯಾಟಿಗೆ ಯಾರೇ ಬಂದರೂ ಆ ಫ್ಲ್ಯಾಟಿನವರು ಆ್ಯಪಿನಲ್ಲಿ ಒಪ್ಪಿಗೆ ಕೊಡಬೇಕು. ನಾನು ಇಂಟರ್‌ಕಾಮಿನಲ್ಲಿ ಅರಚಾಡಿದೆ. ವಾಚ್‌ಮನ್ ಮಾತ್ರ ಶಾಂತ.

"ಸಾಬ್ ಕೋ ಬೋಲೋ, ಅಪ್ರೂವ್ ಕರೇಂ."

ಸಾಹೇಬರೇ ಒಪ್ಪಿಗೆ ಕೊಡಬೇಕಂತೆ! ಸಾಬ್ ನೆಲದ ಮೇಲಿದ್ದರು. ಆ ಮನೆಯ ಆ್ಯಪ್ ಇದ್ದ ಒಂದೇ ಮೊಬೈಲ್ ಅವರ ಜೇಬಿನಲ್ಲಿ ಒಪ್ಪಿಗೆ ಕೇಳುತ್ತಾ ಗುಂಯ್‌ಗುಡುತ್ತಿತ್ತು. ನಾನೋ, ವಾಚ್‌ಮನ್‌ಗೆ ಕಾನೂನು ಬೋಧಿಸುತ್ತಿದ್ದೆ.

"ಜಗಳ ಸಾಕು ಮಾರಾಯ್ರೆ, ಅವರ ಹೆಬ್ಬೆರಳು ಹಿಡೀರಿ," ಎಂದಳು ನನ್ನವಳು, ಒತ್ತುವುದನ್ನು ನಿಲ್ಲಿಸದೆ.

ಹಿಡಿದೆ. ಹೃದಯ ನಿಂತ ಮನುಷ್ಯ ತನ್ನ ಆಂಬುಲೆನ್ಸ್‌ಗೆ ತಾನೇ ಒಪ್ಪಿಗೆ ಕೊಟ್ಟ. ಮೇಲೆ ಬಂದವರು ಶಾಕ್ ಕೊಟ್ಟರು, ನಾಡಿ ಮರಳಿತು. ಗಿರಿಜಾ ಗೋಡೆಗೊರಗಿ ಅತ್ತರು. ನನಗೂ ಕಣ್ಣು ತುಂಬಿತ್ತು, ಸುಳ್ಳು ಯಾಕೆ ಹೇಳಲಿ?

ಸತ್ಯಪ್ರಕಾಶ್ ಈಗ ಮನೆಯಲ್ಲಿದ್ದಾರೆ, ಉಪ್ಪಿಲ್ಲದ ಸಾರನ್ನು ಬೈಯುತ್ತಾ ಉಣ್ಣುತ್ತಿದ್ದಾರೆ.

ಬೈಂದೂರಿನ ಹತ್ತಿರದ ನಮ್ಮೂರಲ್ಲಿರುವ ಅಣ್ಣನಿಗೆ ಫೋನಿನಲ್ಲಿ ಇದನ್ನೆಲ್ಲ ಕೊಚ್ಚಿಕೊಂಡೆ. ಅಲ್ಲಿ ಕೆಲವು ವರ್ಷಗಳ ಹಿಂದೆ ನೆರೆಮನೆಯ ಶೀನಣ್ಣ ಹೀಗೇ ಬಿದ್ದಾಗ ಇಡೀ ಪೇಟೆ ಓಡಿಬಂದಿತ್ತು. ಗಾಳಿ ಬೀಸಿದರು, ನೀರು ಚಿಮುಕಿಸಿದರು, ಹೊತ್ತು ಜೀಪಿಗೆ ಹಾಕಿದರು. ಎದೆ ಒತ್ತಬೇಕೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಆಸ್ಪತ್ರೆ ಒಂದು ಗಂಟೆಯ ದಾರಿ. ಶೀನಣ್ಣ ಉಳಿಯಲಿಲ್ಲ.

ಅಣ್ಣ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದ: "ಅಲ್ಲಿ ಎಷ್ಟ್ ಜನ ಓಡಿ ಬಂದ್ರ್?"

ನಮ್ಮ ಮಹಡಿಯಲ್ಲಿ ಆರು ಮನೆ. ಉಳಿದ ನಾಲ್ಕರಲ್ಲಿ ಟಿವಿ ಸದ್ದು ಕೇಳುತ್ತಿತ್ತು. ಒಂದು ಬಾಗಿಲೂ ತೆರೆಯಲಿಲ್ಲ.

ಎದೆ ಒತ್ತುವುದನ್ನು ಊರಿನವರಿಗೆ ಒಂದು ಬೆಳಗ್ಗೆಯಲ್ಲಿ ಕಲಿಸಬಹುದು. ಬಾಗಿಲು ತೆರೆಯುವುದನ್ನು ನಮಗೆ ಕಲಿಸಲು ಎಷ್ಟು ದಿನ ಬೇಕು?