ಚಂದ್ರವ್ವ ಕಟ್ಟಿಕೊಂಡ ಸೊಸೆಯ ವಾಚು

ಭಾಂಡುಪಿನ ನಮ್ಮ ಬಿಲ್ಡಿಂಗಿನಲ್ಲಿ ಎದುರು ಬಾಗಿಲಿನ ಚಂದ್ರವ್ವನ ಬಾಯಿಗೆ ಹೆದರದವರಿಲ್ಲ. ನಾನೂ ಹೆದರುತ್ತೇನೆ, ಮೈಸೂರಿನವಳಾದ್ದರಿಂದ ತೋರಿಸಿಕೊಳ್ಳುವುದಿಲ್ಲ ಅಷ್ಟೆ. ವಿಜಯಪುರದ ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದವಳು ಆಕೆ. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮುಲುಂದದವರೆಗೆ ಮಾರುತ್ತಾಳೆ. ಬೆಳಿಗ್ಗೆ ಆಕೆಯ ಅಡುಗೆಮನೆಯಿಂದ ಪಟಪಟ ಸದ್ದು ಶುರುವಾದರೆ ನಮ್ಮ ಮನೆಗೆ ಅಲಾರಂ ಬೇಕಿಲ್ಲ. ಇಂಥ ಬಾಯಿಯವಳು ಒಂದು ಗುಟ್ಟನ್ನು ವಾರಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಳು ಎಂದರೆ ಯಾರು ನಂಬುತ್ತಾರೆ? ನಾನು ಕಣ್ಣಾರೆ ಕಂಡವಳು, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಶುಕ್ರವಾರ ಮಧ್ಯಾಹ್ನ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋದಳು. ಒಳಗೆ ಹೋದ ಕೂಡಲೇ ಬಾಗಿಲು ಹಾಕಿದಳು, ಕಿಟಕಿ ಹಾಕಿದಳು, ಟಿವಿಯ ಸದ್ದು ಏರಿಸಿದಳು. ಅಡುಗೆಮನೆಯಲ್ಲಿ ಮಣೆಯ ಮೇಲೆ, ಅಂದು ರಜೆ ಹಾಕಿದ್ದ ಸೊಸೆ ರಾಧಿಕಾ ನಾಚಿಕೊಂಡು ಕೂತಿದ್ದಳು. ಮುಂದೆ ತಟ್ಟೆಯಲ್ಲಿ ಹಸಿರು ಖಣ, ಹಸಿರು ಬಳೆ, ಕೊಬ್ಬರಿ ಬಟ್ಟಲು.

"ಕಳ್ಳ ಕುಬಸರೀ, ಅಲಮೇಲಮ್ಮಾರ," ಎಂದು ಚಂದ್ರವ್ವ ಪಿಸುಗುಟ್ಟಿದಳು. ಆಕೆ ಪಿಸುಗುಟ್ಟಿದ್ದು ಕೇಳಿದ್ದು ಅದೇ ಮೊದಲು. "ಮೂರನೇ ತಿಂಗಳದಾಗ ಮಾಡೂದು. ಊರಿಗೆ ಹೇಳೂ ಕುಬಸ ಆಮ್ಯಾಲೆ. ಇದು ಮನೀ ಹೆಣ್ಣಮಕ್ಕಳದಷ್ಟ."

ಬಸುರಿಗೆ ಹೀಗೆ ಗುಟ್ಟಾಗಿ ಉಡಿ ತುಂಬುವ ಶಾಸ್ತ್ರ ನಮ್ಮ ಕಡೆ ಇಲ್ಲ. ಮನೆಯ ಹೆಂಗಸರ ಸಾಲಿನಲ್ಲಿ ನನ್ನನ್ನೂ ಕೂರಿಸಿದಳಲ್ಲ ಎಂದು ನನಗೆ ಖುಷಿಯಾಯಿತು. ರಾಧಿಕಾಳ ಗಂಡ ಸಂತುವಿನ ಹೊರತು ಯಾವ ಗಂಡಸಿಗೂ ವಿಷಯ ಗೊತ್ತಿರಲಿಲ್ಲ. ಮಾವ ಕಾಶಪ್ಪನವರ ಕಿವಿಗೆ ಬಿದ್ದರೆ ಸ್ಟೇಷನ್ ಪಕ್ಕದ ಚಹಾದಂಗಡಿಗೂ ಬಿದ್ದಂತೆಯೇ.

ಈ ಸಲ ಗುಟ್ಟಿಗೆ ಇನ್ನೊಂದು ಕಾರಣವೂ ಇತ್ತು. ರಾಧಿಕಾ ಮುಲುಂದದ ಒಂದು ಖಾಸಗಿ ಕಂಪನಿಯಲ್ಲಿ ಕಾಂಟ್ರಾಕ್ಟಿನ ಮೇಲೆ ಕೆಲಸ ಮಾಡುತ್ತಿದ್ದಳು. ಪರ್ಮನೆಂಟ್ ಆಗುವ ಪತ್ರ ಇನ್ನೇನು ಕೈಗೆ ಬರುವುದರಲ್ಲಿತ್ತು. ಹೋದ ವರ್ಷ ಅಲ್ಲಿಯ ರಂಜನಿ ಎಂಬ ಹುಡುಗಿ ಬಸುರಿ ಎಂದು ತಿಳಿದ ಮೇಲೆ ಆಕೆಯ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಪತ್ರ ಬರುವವರೆಗೆ ರಾಧಿಕಾಳ ಸುದ್ದಿ ಹೊರಗೆ ಬೀಳಬಾರದು, ಅಷ್ಟೇ.

ಬಳೆ ಏರಿಸಲು ಹೋದರೆ ಕೈಯಲ್ಲಿ ಕರೀ ರಬ್ಬರ್ ಪಟ್ಟಿಯ ವಾಚು ಅಡ್ಡ ಬಂತು.

"ತಗೀ ಅದನ್ನ."

"ಅತ್ತಿ, ಉತಾರ್‌ನಾ ಆಗಂಗಿಲ್ಲ," ಎಂದಳು ರಾಧಿಕಾ. ದಹಿಸರಿನಲ್ಲಿ ಬೆಳೆದ ಹುಡುಗಿ, ಕನ್ನಡ ಅರ್ಧ, ಹಿಂದಿ ಅರ್ಧ. "ಆಫೀಸ್‌ನವ್ರು ಕೊಟ್ಟಿದ್ದು. ಪಲ್ಸ್, ನಿದ್ದಿ, ಹೆಜ್ಜಿ, ಸಬ್ ಅವರಿಗೆ ಹೋಗ್ತದ. ಹಗಲೊತ್ತು ಆಫೀಸಿನಾಗ ಡೆಸ್ಕ್ ಮ್ಯಾಲೆ ಚಾರ್ಜಿಗೆ ಇಟ್ರ ನಡೀತದ. ಸಂಜಿಯಿಂದ ಬೆಳಗಿನ ತಕ್ ಕೈಯಾಗ ಇಲ್ಲಾಂದ್ರ ಕೇಳ್ತಾರ."

ಆಕೆ ಹೇಳಿ ಮುಗಿಸುವಷ್ಟರಲ್ಲಿ ವಾಚು ಗುರ್ ಎಂದಿತು. ನಾನು ಕನ್ನಡಕ ಸರಿಪಡಿಸಿಕೊಂಡು ಓದಿದೆ. ಕೆಲವು ವಾರಗಳಿಂದ ನಿಮ್ಮ ನಾಡಿಬಡಿತ ಮೊದಲಿಗಿಂತ ಹೆಚ್ಚಾಗಿದೆ, ಆರೋಗ್ಯದಲ್ಲಿ ಏನಾದರೂ ಬದಲಾವಣೆ ಇದ್ದರೆ ತಿಳಿಸಿ ಎಂದಿತ್ತು.

ಮೂವರೂ ಒಟ್ಟಿಗೆ ವಾಚಿನ ಮೇಲೆ ಬಗ್ಗಿದೆವು. ಬಾಗಿಲು ಹಾಕಿದ್ದೇವೆ, ಕಿಟಕಿ ಹಾಕಿದ್ದೇವೆ, ಮನೆಯ ಯಜಮಾನರಿಗೂ ಹೇಳಿಲ್ಲ. ಇದು ಮಾತ್ರ ಮಣಿಕಟ್ಟಿನ ಮೇಲೆ ಕೂತು ಎಲ್ಲ ಎಣಿಸುತ್ತಿದೆ! ನನಗೆ ಮೈಯೆಲ್ಲ ಉರಿದುಹೋಯಿತು.

ಚಂದ್ರವ್ವ ಮಣೆಯ ಹತ್ತಿರ ಸರಿದು ಕೂತಳು. ಸೊಸೆಯ ಕೈಯಿಂದ ವಾಚು ಬಿಚ್ಚಿದಳು, ತನ್ನ ಬಲಗೈಗೆ ಕಟ್ಟಿಕೊಂಡಳು, ಸೊಸೆಗೆ ಹಸಿರು ಬಳೆ ಏರಿಸಿ ಉಡಿ ತುಂಬಿದಳು. ಎಲ್ಲ ಮುಗಿದ ಮೇಲೆ ವಾಚಿನ ಕಡೆ ನೋಡಿ, "ಈಗ ಎಣಸು, ಎಷ್ಟ್ ಎಣಸ್ತಿ ಎಣಸು," ಎಂದಳು.

ಅಂದಿನಿಂದ ಅದೇ ಪಾಠ. ರಾಧಿಕಾ ಸಂಜೆ ಬಂದ ಕೂಡಲೇ ವಾಚು ಅತ್ತೆಯ ಕೈಗೆ, ಬೆಳಿಗ್ಗೆ ಹೊರಡುವಾಗ ಮತ್ತೆ ಸೊಸೆಯ ಬ್ಯಾಗಿಗೆ. ಚಂದ್ರವ್ವ ಕೋಳಿಯ ಜೊತೆ ಮಲಗಿ ಕೋಳಿಯ ಜೊತೆ ಏಳುವವಳು. ಕಂಪನಿಯ ಲೆಕ್ಕದಲ್ಲಿ ರಾಧಿಕಾ ದಿಢೀರನೆ ಶಿಸ್ತಿನ ಹುಡುಗಿಯಾಗಿಬಿಟ್ಟಳು.

ಕಾಶಪ್ಪನವರಿಗೆ ಹೆಂಡತಿಯ ಕೈಯಲ್ಲಿ ವಾಚು ಕಂಡಿತು. ಆಫೀಸಿನವರು ಸೊಸೆಯ ನಿದ್ದೆ ಲೆಕ್ಕ ಹಾಕುತ್ತಾರೆ, ಅದು ತನಗೆ ಸೇರುವುದಿಲ್ಲ, ಅದಕ್ಕೇ ತಾನು ಕಟ್ಟಿಕೊಂಡಿದ್ದೇನೆ ಎಂದಷ್ಟೇ ಆಕೆ ಹೇಳಿದಳು.

"ನೋಡಿದ್ರ ನೋಡವಲ್ರ್ಯಾಕ," ಎಂದರು ಅವರು ಪೇಪರ್ ಮಡಿಸುತ್ತ. "ನಾವೇನ್ ಕಳವು ಮಾಡೇವೇನ? ಮುಚ್ಚಾಕ ನಮ್ಮಲ್ಲೇನೈತಿ?"

"ಏನಿಲ್ಲಲ್ಲಾ? ಹಂಗಾರ ನಿಮ್ಮ ಫೋನ್ ಕೊಡ್ರಿ. ನಿಮ್ಮಣ್ಣ ಬಸವಂತಪ್ಪನವರನ್ನ ಕರಸ್ತೀನಿ, ಅವರ ಮುಂದ ಒಂದೊಂದ ಮೆಸೇಜ್ ಅಲಮೇಲಮ್ಮಾರ ಓದ್ಲಿ."

ಕಾಶಪ್ಪನವರ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಅಣ್ಣನ ಬಗ್ಗೆ ಗೆಳೆಯರಿಗೆ ಏನೇನು ಬರೆದಿದ್ದರೋ, ಮತ್ತೆ ಆ ವಿಷಯ ಎತ್ತಲಿಲ್ಲ. ನಾನು ಚಹಾ ನೆತ್ತಿಗೇರುವಷ್ಟು ನಕ್ಕೆ.

ಎಡವಟ್ಟು ಆದದ್ದು ರೊಟ್ಟಿಯಿಂದ. ವಾಚು ಇದ್ದದ್ದು ಬಲಗೈಯಲ್ಲಿ, ರೊಟ್ಟಿ ಬಡಿಯುವುದೂ ಬಲಗೈಯಲ್ಲೇ. ಒಂದೊಂದು ಏಟನ್ನೂ ಆ ವಾಚು ಒಂದೊಂದು ಹೆಜ್ಜೆ ಎಂದು ಎಣಿಸುತ್ತಿತ್ತು! ಇದು ನಮಗ್ಯಾರಿಗೂ ಹೊಳೆಯಲಿಲ್ಲ. ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ಥಾಣೆಯಿಂದ ಚೆಂಬೂರಿನವರೆಗೆ ಉತ್ತರ ಕರ್ನಾಟಕದ ಮನೆಗಳೆಲ್ಲ ಸಜ್ಜೆ ರೊಟ್ಟಿ ಬೇಕು, ಜೋಳದ ರೊಟ್ಟಿ ಬೇಕು ಎಂದು ಚಂದ್ರವ್ವನಿಗೆ ಹೇಳಿದ್ದವು. ವಾರವಿಡೀ ಆಕೆ ಬಡಿದದ್ದೇ ಬಡಿದದ್ದು.

ರಾಧಿಕಾ ಒಂದು ಸಂಜೆ ಓಡೋಡಿ ಬಂದಳು. "ಅತ್ತಿ, ಮರ್ ಗಯಿ! ಹೆಜ್ಜಿ ಲೆಕ್ಕದಾಗ ಪೂರಾ ಆಫೀಸಿಗೆ ನಾ ಫಸ್ಟ್ ಬಂದೀನಿ. ದೊಡ್ಡ ಸ್ಕ್ರೀನ್ ಮ್ಯಾಲೆ ನನ್ನ ಹೆಸರು ಹಾಕ್ಯಾರ!"

ಗುಟ್ಟು ಉಳಿಸಲು ಹೋಗಿ ಸೊಸೆಯನ್ನು ಊರ ಮುಂದೆ ನಿಲ್ಲಿಸಿದ್ದಾಯಿತು. ಬಾಯಲ್ಲಿ ಕರ್ಮ ಕರ್ಮ ಎಂದೆ, ಒಳಗೊಳಗೆ ಮಾತ್ರ ಕುಣಿಯುವಷ್ಟು ಖುಷಿಯಾಗಿತ್ತು. ಚಂದ್ರವ್ವನೋ ಬಹುಮಾನ ಏನು ಕೊಡುತ್ತಾರೆ ಎಂದು ಕೇಳಿದಳು.

ಬಹುಮಾನದ ದಿನವೇ ಪರ್ಮನೆಂಟ್ ಪತ್ರಗಳನ್ನೂ ಕೊಡುವುದೆಂದು ಗೊತ್ತಾಯಿತು. ಅಂದು ನಾವಿಬ್ಬರೂ ಬೆಳಗಿನಿಂದ ಒಂದು ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಚಂದ್ರವ್ವ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಸಂಜೆ ಬಾಗಿಲು ತೆರೆದೇ ಇಟ್ಟು ಕಾದೆವು.

ರಾಧಿಕಾ ಬಂದವಳು ಚಪ್ಪಲಿ ಸಹ ಬಿಡದೆ ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದಳು. ದೊಡ್ಡ ಸಾಹೇಬರು ಆಕೆಯನ್ನು ವೇದಿಕೆಗೆ ಕರೆದು ಪತ್ರ ಕೈಗಿಟ್ಟರಂತೆ. ನಿದ್ದೆ ನೋಡಿ, ಹೆಜ್ಜೆ ನೋಡಿ, ಇಂಥವರೇ ನಮಗೆ ಬೇಕು ಎಂದು ಹೊಗಳಿದರಂತೆ. ಇನ್ನು ಮುಂದೆ ಯಾರನ್ನು ಇಟ್ಟುಕೊಳ್ಳಬೇಕು ಎನ್ನುವುದಕ್ಕೆ ವಾಚಿನ ಅಂಕಿಗಳನ್ನೂ ನೋಡುತ್ತೇವೆ ಎಂದರಂತೆ. ಆಮೇಲೆ ಪತ್ರ ಸಿಗದವರ ಹೆಸರು ಓದಿದರು. ಅದರಲ್ಲಿ ಪಕ್ಕದ ಮೇಜಿನ ಸುಪ್ರಜಾ ಇದ್ದಳು. ಆಕೆಯ ತಾಯಿಗೆ ಕಾಯಿಲೆ, ಪಾಪ, ಸರಿಯಾಗಿ ನಿದ್ದೆ ಮಾಡಿ ಎಷ್ಟು ಕಾಲವಾಗಿತ್ತೋ. ಅಂಕಿ ಚೆನ್ನಾಗಿಲ್ಲ, ಮುಂದಿನ ಸಲ ನೋಡೋಣ ಎಂದರಂತೆ.

"ನಾ ಸುಮ್ಮನ ಇಳದು ಬರಬೇಕಂತ ಮಾಡಿದ್ದೆ, ಅತ್ತಿ. ಕಸಮ್‌ಸೆ. ಲೆಟರ್ ಕೈಯಾಗಿತ್ತು," ಎಂದಳು ರಾಧಿಕಾ. "ಆದ್ರ ಸಾಹೇಬ್ರು ಕೇಳಿದ್ರು, ಯಾವ ಜಿಮ್‌ಗೆ ಹೋಗ್ತಿ ಅಂತ."

"ನೀ ಏನಂದಿ?"

"ಇದು ನನ್ನ ನಾಡಿ ಅಲ್ಲ ಸರ್, ನಮ್ಮ ಅತ್ತೀದು ಅಂದೆ. ಅವರು ರೊಟ್ಟಿ ಬಡೀತಾರ, ನಿಮ್ಮ ವಾಚು ಅದನ್ನ ವಾಕಿಂಗ್ ಅಂತ ಎಣಸ್ಯದ. ಪರ್ಮನೆಂಟ್ ಮಾಡೂದಾದ್ರ ಅವರನ್ನ ಮಾಡ್ರಿ. ನಾನು ಬಸುರಿ ಇದ್ದೀನಿ, ನಿಮಗ ಹೇಳಬಾರದಂತ ವಾಚು ತಗದೀನಿ. ನನ್ನ ಕೆಲಸ ಹ್ಯಾಂಗದ ಅಂತ ನನ್ನ ಕೆಲಸ ನೋಡಿ ಹೇಳ್ರಿ ಅಂದೆ."

ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರಂತೆ. ಸುಪ್ರಜಾ ಎದ್ದು ಬಂದು ತನ್ನ ವಾಚು ಬಿಚ್ಚಿ ಸಾಹೇಬರ ಮುಂದಿನ ಮೇಜಿನ ಮೇಲೆ ಇಟ್ಟಳು. ಇನ್ನೊಬ್ಬಳು ಇಟ್ಟಳು, ಒಬ್ಬ ಗಂಡಸೂ ಇಟ್ಟ. ನೋಡನೋಡುತ್ತ ಮೇಜು ತುಂಬಿತು. ಸಾಹೇಬರು ಪತ್ರ ವಾಪಸ್ ಕೊಡು ಎಂದು ಕೈ ಚಾಚಿದರಂತೆ. ಅಷ್ಟು ಜನರ ಮುಂದೆ ಏನೆನ್ನಿಸಿತೋ, ಆ ಕೈಯಲ್ಲೇ ಟೈ ಸರಿಮಾಡಿಕೊಂಡು, ವಾಚಿನ ವಿಷಯ ಮತ್ತೊಮ್ಮೆ ಯೋಚಿಸೋಣ, ಪತ್ರ ಸಿಗದವರ ಕೆಲಸವನ್ನೂ ಮತ್ತೆ ನೋಡೋಣ ಎಂದರಂತೆ.

ನಾನು ಚಪ್ಪಾಳೆ ತಟ್ಟಿಬಿಟ್ಟೆ. ರಾಧಿಕಾಳ ಮುಖ ಮಾತ್ರ ಬಾಡಿತ್ತು. ಪತ್ರ ಬ್ಯಾಗಿನಲ್ಲಿತ್ತು, ಆದರೆ ಆಕೆಯ ಕಣ್ಣೆಲ್ಲ ಅತ್ತೆಯ ಮೇಲೆ.

"ನೀವು ಇಷ್ಟ್ ದಿನಾ ಮುಚ್ಚಿಟ್ರಿ. ನಾ ಎಲ್ಲಾರ ಮುಂದ ಹೇಳಿಬಿಟ್ಟೆ. ಸಿಟ್ಟು ಬಂತೇನ್ರಿ, ಅತ್ತಿ?"

ಚಂದ್ರವ್ವ ಸೊಸೆಯ ಕೆನ್ನೆ ಸವರಿ ಲಟಲಟ ಎಂದು ನೆಟಿಗೆ ಮುರಿದಳು. ಆಕೆಯ ಕಣ್ಣು ತುಂಬಿದ್ದು ನಾನು ಕಂಡೆ, ನನ್ನದೂ ತುಂಬಿತು.

"ಹುಚ್ಚಿ, ನೀ ನಿನ್ನ ಬಾಯಿಲೆ ಹೇಳೀದಿ. ನಮ್ಮ ಸುದ್ದಿ ನಾವು ಹೇಳಿದ್ರ ಅದು ಸಿಹಿ ಸುದ್ದಿ. ಅದನ್ನ ಅವರ ತಾವಾಗಿ ತಗೊಂಡ್ರ ಕಳವು."

ಹಾಗೆಂದವಳೇ ಗ್ಯಾಲರಿಗೆ ಓಡಿದಳು. ಕೆಳಗೆ ಗೇಟಿನ ಹತ್ತಿರ ಕಾಶಪ್ಪನವರು ತರಕಾರಿ ಚೀಲ ಹಿಡಿದು ಯಾರೊಂದಿಗೋ ಹರಟುತ್ತಿದ್ದರು. ಇಷ್ಟು ದಿನ ಒಳಗೆ ಕಟ್ಟಿಟ್ಟಿದ್ದ ದನಿಯನ್ನೆಲ್ಲ ಒಂದೇ ಸಲ ಬಿಟ್ಟು, ಎದುರು ಬಿಲ್ಡಿಂಗಿನವರೂ ಕಿಟಕಿಗೆ ಬರುವ ಹಾಗೆ ಕೂಗಿದಳು.

"ಏನ್ರೀ! ಇಲ್ಲಿ ಕೇಳ್ರಿ! ನೀವು ಅಜ್ಜ ಆಗಾಕ ಹತ್ತೀರಿ!"