ಬಾಗುವ ಬಿಸ್ಕತ್ತು

ಬಿಸ್ಕತ್ತು ಎಂದರೆ ಮುರಿಯುವಾಗ ಸದ್ದು ಬರಬೇಕು. ಕೋಲಾರದ ಕಾನ್ವೆಂಟಿನಲ್ಲಿ ನಮಗೆ ಬೇಕಿಂಗ್ ಕಲಿಸಿದ ಸಿಸ್ಟರ್ ಪ್ರತಿ ಟ್ರೇಯಿಂದ ಒಂದನ್ನು ತೆಗೆದು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದರು. "ಲಿಸನ್, ಗರ್ಲ್ಸ್, ಲಿಸನ್!" ಸದ್ದು ಬರದಿದ್ದರೆ ಆ ಟ್ರೇ ಮತ್ತೆ ಒಲೆಗೆ. ಅರವತ್ತು ವರ್ಷ ನಾನು ಆ ಸದ್ದನ್ನೇ ನಂಬಿಕೊಂಡು ಬಂದೆ. ಮಾಲೂರಿನಲ್ಲಿ ನನ್ನನ್ನು ಇಂಗ್ಲಿಷ್ ಟೀಚರ್ ಎಂದು ನೆನಪಿಟ್ಟುಕೊಂಡವರು ಎಷ್ಟು ಮಂದಿಯೋ, ಬಿಸ್ಕತ್ ಟೀಚರ್ ಎಂದು ನೆನಪಿಟ್ಟುಕೊಂಡವರೂ ಅಷ್ಟೇ ಮಂದಿ.

ಅಂಥವಳು ಎಪ್ಪತ್ತೈದರ ವಯಸ್ಸಿನಲ್ಲಿ ಸದ್ದಿಲ್ಲದ ಬಿಸ್ಕತ್ತು ಮಾಡಲು ಹೊರಟದ್ದು ನನ್ನ ಓರಗಿತ್ತಿಗಾಗಿ. ನನ್ನ ಗಂಡನ ಅಣ್ಣನ ಹೆಂಡತಿ ಆಕೆ. ನಾನು ಅಕ್ಕ ಎನ್ನುತ್ತೇನೆ. ಮಾಸ್ತಿಯ ಹತ್ತಿರದ ಹಳ್ಳಿಯಲ್ಲಿ ಮಗ, ಸೊಸೆ, ನಾಲ್ಕು ಸೀಮೆಹಸುಗಳ ಜೊತೆ ಇರುವವಳು. ಈ ವರ್ಷ ಹಲ್ಲೆಲ್ಲ ಕೀಳಿಸಿ ಸೆಟ್ ಹಾಕಿಸಿಕೊಳ್ಳಬೇಕಾಗಿ ಬಂತು. ಡಾಕ್ಟರು ಇರುವುದು ಮಾಲೂರಿನಲ್ಲಿ, ಮತ್ತೆ ಮತ್ತೆ ಕರೆಯುತ್ತಾರೆ, ಹಾಗಾಗಿ ನನ್ನ ಮನೆಯಲ್ಲೇ ಉಳಿದಿದ್ದಳು. ಸೆಟ್ ಬಂತು, ಆದರೆ ವಸಡಿಗೆ ಒತ್ತುತ್ತಿತ್ತು. ಎರಡು ದಿನ ಹಾಕಿ ನೋಡಿ, ತೊಳೆದು, ಸಣ್ಣ ಸ್ಟೀಲ್ ಡಬ್ಬಿಯಲ್ಲಿಟ್ಟು ದೇವರ ಗೂಡಿನ ಕೆಳಗೆ ತಳ್ಳಿಬಿಟ್ಟಳು.

ಆಮೇಲೆ ಆಕೆ ಯಾರೆದುರಿಗೂ ಉಣ್ಣಲಿಲ್ಲ. ನನ್ನೆದುರಿಗೆ ಸಹ. ನಾನು ಊಟ ಮುಗಿಸಿ ಹಾಲ್‌ಗೆ ಹೋದ ಮೇಲೆ, ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿಕೊಂಡು, ಗೋಡೆಗೆ ಮುಖಮಾಡಿ ಕೂತು ಮುದ್ದೆ ನುಂಗುತ್ತಿದ್ದಳು. ಮಾತಾಡುವಾಗ ಸೆರಗು ಬಾಯಿಗೆ ಬರುತ್ತಿತ್ತು.

ಇನ್ನು ಹತ್ತು ದಿನಕ್ಕೆ ಅವಳ ಮೊಮ್ಮಗಳ ಸೀಮಂತ, ಶ್ರೀನಿವಾಸಪುರದಲ್ಲಿ, ಬೀಗರ ಮನೆಯಲ್ಲಿ.

"ನಾನು ಬರಲ್ಲ ಕಣೇ," ಎಂದಳು ಒಂದು ಬೆಳಿಗ್ಗೆ, ಸೊಪ್ಪು ಬಿಡಿಸುತ್ತ. "ಪಂಕ್ತೀಲಿ ಕೂರಿಸ್ತಾರೆ. ಬೀಗರು ಬಾಯಿ ನೋಡ್ತಾ ಕೂತಿರ್ತಾರೆ. ಮಂಡಿನೋವು ಅಂತ ಹೇಳ್ಬಿಡು."

"ಹೆತ್ತ ತಾಯಿಗಿಂತ ಹೆಚ್ಚಾಗಿ ನೀನೇ ಅಲ್ವಾ ಆ ಮಗೂನ ಸಾಕಿದ್ದು? ನೀನಿಲ್ದೆ ಬಳೆ ತೊಡ್ತಾಳಾ ಅವಳು?"

"ತೊಡ್ತಾಳೆ ಬಿಡು."

ಆ 'ಬಿಡು' ನನಗೆ ನಾಟಿತು. ಐವತ್ತು ವರ್ಷದ ಹಿಂದೆ ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಇಂಗ್ಲಿಷ್, ಬಿಸ್ಕತ್ತು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಮೊದಲ ದಿನ ನಾನು ತಿರುವಿದ ಮುದ್ದೆ ಗಂಟು ಗಂಟಾಯಿತು. ಅತ್ತೆ ಬರುವ ಮುಂಚೆ ಅಕ್ಕ ನನ್ನ ಮುದ್ದೆಯನ್ನು ತನ್ನ ತಟ್ಟೆಗೆ ಹಾಕಿಕೊಂಡು, ತನ್ನದನ್ನು ನನ್ನ ತಟ್ಟೆಗೆ ದೂಡಿದಳು. "ಏಮ್ಮಾ ದೊರಸಾನಿ, ಬಾಯ್ಮುಚ್ಕೊಂಡು ಉಣ್ಣು," ಎಂದು ಪಿಸುಗುಟ್ಟಿದಳು. ಬೈಗುಳವೆಲ್ಲ ಅವಳ ಪಾಲಿಗೆ ಹೋಯಿತು. ಅಂದಿನಿಂದ ಇಂದಿನವರೆಗೂ ನಾನು ಅವಳಿಗೆ ದೊರಸಾನಿಯೇ.

ಅವಳು ಎಲ್ಲರ ನಡುವೆ ಕೂತು ತಿನ್ನಬೇಕು. ಅದಕ್ಕೆ ಗಂಜಿ, ಹಾಲಲ್ಲಿ ಅದ್ದಿದ ಬನ್ನು, ಇವೆಲ್ಲ ನಡೆಯುವುದಿಲ್ಲ. ಮುದುಕಿಯರ ಊಟವೆಂದು ಅವಳು ಮುಟ್ಟಲಾರಳು; ಶೀ ಹ್ಯಾಸ್ ಹರ್ ಪ್ರೈಡ್. ತವರಿನಿಂದ ಹೋಗುವ ತಟ್ಟೆಗಳಲ್ಲಿ ಚಕ್ಕುಲಿ, ಕೊಬ್ಬರಿ ಮಿಠಾಯಿ, ಎಳ್ಳಿನ ಚಿಗಳಿ ಇರುತ್ತವೆ, ಒಂದೊಂದೂ ದವಡೆಗೆ ಕೆಲಸ ಕೊಡುವಂಥವು. ಆ ತಟ್ಟೆಗಳ ನಡುವೆ ಎಲ್ಲರೂ ಕೈಹಾಕುವಂಥ, ಆದರೆ ವಸಡಿನಲ್ಲೇ ಅಗಿಯಬಹುದಾದ ಒಂದು ತಿಂಡಿ ಬೇಕಿತ್ತು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿ ಒಬ್ಬಳು ಒಮ್ಮೆ ತಂದುಕೊಟ್ಟ ವೈಟ್ ಚಾಕೊಲೇಟ್ ಕುಕ್ಕಿ ನೆನಪಾಯಿತು. ಅದು ಮುರಿಯುತ್ತಿರಲಿಲ್ಲ, ಬಾಗುತ್ತಿತ್ತು. ಅಂದು ನಾನು ಅದನ್ನು ತಿಂದು, ಮನಸ್ಸಿನಲ್ಲೇ ನೂರಕ್ಕೆ ಮೂವತ್ತು ಮಾರ್ಕು ಕೊಟ್ಟಿದ್ದೆ.

ನನ್ನ ಕೈಯ ಮೇಲೆ ನನಗೆ ಅನುಮಾನವಿರಲಿಲ್ಲ. ಬೆಣ್ಣೆಗೆ ಸಕ್ಕರೆ ಅರ್ಧ, ಬೆಲ್ಲದ ಪುಡಿ ಅರ್ಧ. ಆ ಜಗ್ಗುವ ಗುಣ ಬರುವುದು ಬೆಲ್ಲದಿಂದಲೇ. ಶುಭಕಾರ್ಯಕ್ಕೆ ಮೊಟ್ಟೆ ಹಾಕುವ ಹಾಗಿಲ್ಲ, ಬದಲಿಗೆ ಗಟ್ಟಿ ಮೊಸರು. ಮೈದಾದ ಜೊತೆ ಒಂದೆರಡು ಚಮಚ ಕಾರ್ನ್‌ಫ್ಲೋರ್. ಬಿಳಿ ಚಾಕೊಲೇಟನ್ನು ಅವರೆಕಾಳಿನಷ್ಟು ದಪ್ಪಕ್ಕೆ ಹೆಚ್ಚಿ ಹಾಕಿದೆ. ಕಲಸಿದ ಹಿಟ್ಟನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟೆ.

ನನ್ನ ಓವನ್ ಸಣ್ಣದು, ಒಂದು ಸಲಕ್ಕೆ ಎಂಟೇ ಹಿಡಿಯುತ್ತದೆ. ನನಗೆ ಅರವತ್ತು ಬೇಕಿತ್ತು. ನಮ್ಮೂರ ಹೆಂಗಸರು ಹಬ್ಬಕ್ಕೆ ಮುಂಚೆ ಮೈದಾ, ತುಪ್ಪ, ಸಕ್ಕರೆ ಹೊತ್ತುಕೊಂಡು ಬೇಕರಿಗೆ ಹೋಗಿ, ಎದುರಿಗೇ ಬಿಸ್ಕತ್ತು ಸುಡಿಸಿಕೊಂಡು ಬರುವುದು ಹಳೆಯ ರೂಢಿ. ನಾನೂ ಹಿಟ್ಟಿನ ಡಬ್ಬ ಹಿಡಿದು ಬಸ್‌ಸ್ಟ್ಯಾಂಡಿನ ಹಿಂದಿನ ಬೇಕರಿಗೆ ಹೋದೆ.

"ಹತ್ತೇ ನಿಮಿಷ ಸಾಹೇಬ್ರೆ. ಅಂಚು ಬೆಂದು, ನಡುಭಾಗ ಹಸಿ ಅನ್ನಿಸ್ತಿರುವಾಗಲೇ ತೆಗೀಬೇಕು."

ಬೇಕರಿಯ ಹಿರಿಯ ಸಾಬರು ತಲೆ ಆಡಿಸಿದರು. ನಾನು ಹಾಲು ತರಲು ಪಕ್ಕದ ಅಂಗಡಿಗೆ ಹೋಗಿ, ಮಾತಿಗೆ ನಿಂತು ಬರುವಷ್ಟರಲ್ಲಿ ಮೊದಲ ಟ್ರೇಯ ಮೂವತ್ತು ಬಿಸ್ಕತ್ತು ಕೆಂಪಗೆ, ಖಡಕ್ಕಾಗಿ ಕಾಯುತ್ತಿದ್ದವು.

"ಏನ್ ಮಾಡಿದ್ರಿ ಇದು!"

"ಕಚ್ಚಾ ಇತ್ತು ಅಮ್ಮಾ. ಇನ್ನೊಂದು ಹತ್ತು ನಿಮಿಷ ನಾನೇ ಜಾಸ್ತಿ ಕೊಟ್ಟೆ. ಇಷ್ಟು ವರ್ಷದ ಗಿರಾಕಿ ನೀವು, ನಿಮ್ಗೆ ಕಚ್ಚಾ ಮಾಲು ಕೊಟ್ಟು ಕಳಿಸ್ತೀನಾ ನಾನು?" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು.

ಒಂದನ್ನು ಮುರಿದೆ. ಸಿಸ್ಟರ್ ಕೇಳಿದ್ದರೆ ಅತ್ತುಬಿಡುತ್ತಿದ್ದರು, ಅಷ್ಟು ಚೆನ್ನಾದ ಸದ್ದು. ಥ್ಯಾಂಕ್ಸ್ ಹೇಳಿ, ಅವನ್ನೂ ಉಳಿದ ಹಿಟ್ಟನ್ನೂ ಮನೆಗೆ ತಂದೆ.

ಸೀಮಂತಕ್ಕೆ ಎರಡು ದಿನ ಇರುವಾಗ ಮನೆಯಲ್ಲೇ ಎಂಟೆಂಟರಂತೆ ಮಾಡುವುದೆಂದು ಕೂತೆ. ಮೊದಲ ಟ್ರೇ ಹತ್ತು ನಿಮಿಷಕ್ಕೆ ಹೊರಗೆ ಬಂತು. ಅಂಚು ತುಸು ಹೊಂಬಣ್ಣ, ನಡುವೆ ಉಬ್ಬಿ ಬೆಳ್ಳಗೆ, ಮುಟ್ಟಿದರೆ ತಗ್ಗು ಬೀಳುವಂತಿತ್ತು. ಅದು ಆ ಟ್ರೇಯ ಮೇಲೆಯೇ, ತನ್ನ ಬಿಸಿಯಲ್ಲೇ ಉಳಿದದ್ದು ಬೇಯಬೇಕು. ಅದೇ ಅದರ ಗುಟ್ಟು. ಅಷ್ಟರಲ್ಲಿ ಹೂವಿನವಳು ಗೇಟಿನ ಹತ್ತಿರ ಕೂಗಿದಳು. ಎರಡು ಮೊಳ ಕನಕಾಂಬರ ತೆಗೆದುಕೊಂಡು, ಅವಳ ಮಗಳ ಎಸ್ಸೆಸ್ಸೆಲ್ಸಿ ವಿಚಾರ ಕೇಳಿ ಒಳಗೆ ಬಂದರೆ, ಟ್ರೇ ಇಟ್ಟ ಜಾಗ ಖಾಲಿ. ಓವನ್ ಟಿಕ್ ಟಿಕ್ ಎನ್ನುತ್ತಿದೆ. ಅಕ್ಕ ಸೊಂಟಕ್ಕೆ ಕೈಕೊಟ್ಟು ಅದರ ಮುಂದೆ ನಿಂತಿದ್ದಾಳೆ.

"ವಯಸ್ಸಾಯ್ತು ಕಣೇ ನಿಂಗೆ," ಎಂದಳು ಸೆರಗಿನ ಹಿಂದಿನಿಂದ. "ಹಸಿ ಹಿಟ್ಟನ್ನೇ ಇಳಿಸಿದ್ದೀಯ. ಬೆರಳಿಟ್ರೆ ಒಳಗೇ ಹೋಯ್ತು. ಒಳಗಿಟ್ಟು ಕಾಲು ಗಂಟೆ ತಿರುಗಿಸಿದ್ದೀನಿ."

"ಅಯ್ಯೋ ಅಕ್ಕ! ಅದು ಹಾಗೇ ಇರ್ಬೇಕು!"

"ಯಾರ ಮನೇಲಿ ಹಾಗಿರ್ಬೇಕು? ಬೀಗರಿಗೆ ಹಸೀದು ಕೊಟ್ಟು ನಮ್ಮ ಮಗೂಗೆ ಜನ್ಮವಿಡೀ ಮಾತು ಕೇಳಿಸ್ತೀಯಾ? ಅಷ್ಟು ಮೆತ್ತಗಿದ್ದರೆ ಅದು ಯಾರಿಗೆ…"

ಅವಳು ನನ್ನ ಮುಖ ನೋಡಿದಳು. ನಾನು ಓವನ್ ಆರಿಸುವ ನೆಪದಲ್ಲಿ ಬಗ್ಗಿದೆ.

"ಹಂಗಾದ್ರೆ ನನ್ನ ಬಾಯಿ ನೋಡಿ ಮಾಡಿದ್ದು ಇದು."

ಸುಳ್ಳು ಹೇಳಬಹುದಿತ್ತು. ಆದರೆ ಐವತ್ತು ವರ್ಷದಲ್ಲಿ ಅವಳ ಮುಂದೆ ನನ್ನ ಒಂದು ಸುಳ್ಳೂ ನಿಂತಿಲ್ಲ.

"ಹೌದು."

"ಮುದುಕಿಗೆ ಬೇರೆ ತಟ್ಟೆನಾ?"

"ಬೇರೆ ತಟ್ಟೆ ಆಗಿದ್ದರೆ ನಾಲ್ಕು ಮಾಡಿ ಮುಗಿಸ್ತಿದ್ದೆ ಅಕ್ಕ. ಅರವತ್ತು ಯಾಕೆ ಮಾಡ್ಲಿ? ಎಲ್ಲರ ತಟ್ಟೇಲೂ ಇದೇ ಇರುತ್ತೆ. ನೀನು ಬಂದ್ರೆ ತಿನ್ನು, ಬರದಿದ್ರೆ ಅವರೇ ತಿನ್ಲಿ. ನಂಗೇನು?"

ಅವಳು ಹಾಲ್‌ಗೆ ಹೋದಳು. ಮುನಿಸಿಕೊಂಡೇ ಹೋದಳು ಎಂದುಕೊಂಡೆ. ಮರಳಿ ಬಂದಾಗ ಕೈಯಲ್ಲಿ ಮರದ ಸ್ಟೂಲು ಇತ್ತು. ಅದನ್ನು ಓವನ್ನಿನ ಮುಂದೆ ಹಾಕಿ ಕೂತಳು.

"ಇಡು ಇನ್ನೊಂದು ಟ್ರೇ. ಹೇಗಿರ್ಬೇಕು ತೋರಿಸು."

ತೋರಿಸಿದೆ. ಒಂದೇ ಸಲ. ಮುದ್ದೆಯ ಹಿಟ್ಟು ಬೆಂದಿತೋ ಇಲ್ಲವೋ ಎಂದು ವಾಸನೆಯಲ್ಲೇ ಹೇಳುವವಳಿಗೆ ಎರಡನೆಯ ಸಲ ಬೇಕಾಗಲಿಲ್ಲ. ಮೂರನೆಯ ಟ್ರೇಗೆ ನನ್ನ ಟೈಮರ್ ಇನ್ನೂ ಒಂದು ನಿಮಿಷ ತೋರಿಸುತ್ತಿರುವಾಗಲೇ, "ತೆಗಿ ಈಗ," ಎಂದಳು. "ಬೆಲ್ಲದ ವಾಸನೆ ತಿರುಗ್ತು." ತೆಗೆದೆ. ಆರಿದ ಮೇಲೆ ನೋಡಿದರೆ ಅವು ನನ್ನ ಟ್ರೇಗಿಂತ ಚೆನ್ನಾಗಿ ಬಂದಿದ್ದವು. ಟೈಮರ್ ಅನ್ನು ಡ್ರಾಯರ್‌ಗೆ ಹಾಕಿದೆ.

ಆರಿದ್ದರಲ್ಲಿ ಒಂದನ್ನು ತಟ್ಟೆಯಲ್ಲಿಟ್ಟು ಕೊಟ್ಟೆ. ಅವಳು ಗೋಡೆಗೆ ತಿರುಗಿಕೊಂಡು ತಿಂದಳು. ಬೆನ್ನು ಮಾತ್ರ ಕಾಣುತ್ತಿತ್ತು. ಬಹಳ ಹೊತ್ತು ಅಗಿದಳು.

"ಪರ್ವಾಗಿಲ್ಲ," ಎಂದಳು ಗೋಡೆಗೆ.

ಸೀಮಂತದ ಬೆಳಿಗ್ಗೆ ಅವಳು ರೇಷ್ಮೆ ಸೀರೆ ಉಟ್ಟು ನನಗಿಂತ ಮುಂಚೆ ಬಾಗಿಲಲ್ಲಿ ನಿಂತಿದ್ದಳು. ಬಿಸ್ಕತ್ತಿನ ಡಬ್ಬ ಅವಳ ತೋಳಿನಲ್ಲಿತ್ತು. ನಾನು ಬೀಗ ಹಾಕಿ ಅವಳ ಹಿಂದೆ ನಡೆದೆ.

ಶ್ರೀನಿವಾಸಪುರದ ಮನೆಯಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮೊಮ್ಮಗಳು ಹಸಿರು ಸೀರೆಯಲ್ಲಿ ಕೂತಿದ್ದಳು. ಅಜ್ಜಿಯನ್ನು ಕಂಡು ಏಳಲು ಹೋಗಿ ಎಲ್ಲರ ಕೈಲೂ ಬೈಸಿಕೊಂಡಳು. ಬಳೆ ಆಯಿತು, ಆರತಿ ಆಯಿತು. ತಟ್ಟೆಗಳು ಹೆಂಗಸರ ನಡುವೆ ಸುತ್ತತೊಡಗಿದವು. ಮೊಮ್ಮಗಳ ಗಂಡನ ಅಜ್ಜಿ ಮುಳಬಾಗಿಲಿನ ಕಡೆಯವರು, ಅರ್ಧ ಮಾತು ತೆಲುಗು, ಅತ್ತಿಗೆ ಎನ್ನಲು 'ವದಿನಾ' ಎನ್ನುವವರು, ಅಡಿಕೆಯನ್ನು ಇಡಿಯಾಗಿ ಕಡಿಯುವ ಹಲ್ಲು. ನಮ್ಮ ಬಿಸ್ಕತ್ತೊಂದನ್ನು ಎತ್ತಿ ಬೆಳಕಿಗೆ ಹಿಡಿದರು. ಅದು ಅವರ ಬೆರಳ ನಡುವೆ ಮೆಲ್ಲಗೆ ತಲೆ ತಗ್ಗಿಸಿತು.

"ಏಮಿ ವದಿನಾ, ಇದು ಬೇಯ್ಲೇ ಇಲ್ವಲ್ಲ? ಬಸ್ಸಿಗೆ ಅವಸರ ಅಂತ ಹಸಿ ಹಿಟ್ಟೇ ಕಟ್ಕೊಂಡು ಬಂದ್ಬಿಟ್ರಾ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮೊಮ್ಮಗಳ ಮುಖ ಕೆಂಪಾಯಿತು. "ಆಕ್ಚುಲಿ, ಇದು…" ಎಂದು ನಾನು ಕ್ಲಾಸ್‌ರೂಮಿನ ದನಿ ತೆಗೆಯುವಷ್ಟರಲ್ಲಿ ಅಕ್ಕ ನನ್ನ ಮಂಡಿ ಅದುಮಿದಳು. ಬಾಯಿಯ ಮೇಲಿದ್ದ ಸೆರಗನ್ನು ಇಳಿಸಿ ಸೊಂಟಕ್ಕೆ ಸಿಕ್ಕಿಸಿದಳು. ತಟ್ಟೆಯಿಂದ ಒಂದು ಬಿಸ್ಕತ್ತು ತೆಗೆದು, ಎಲ್ಲರಿಗೂ ಕಾಣುವಂತೆ ಎರಡಾಗಿ ಮಡಿಸಿ, ಬಾಯಿಗಿಟ್ಟುಕೊಂಡಳು. ಅಷ್ಟು ಜನರ ಮಧ್ಯೆ, ನೆಟ್ಟಗೆ ಕೂತು, ಅವಸರವಿಲ್ಲದೆ ಅಗಿದಳು. ಕೆನ್ನೆ ಒಳಗೆ ಹೊರಗೆ ಆಡಿತು.

"ಬೆಂದಿದೆ ವದಿನಾ," ಎಂದಳು. "ಹಲ್ಲಿರೋರಿಗೆ ಗೊತ್ತಾಗಲ್ಲ, ಅಷ್ಟೆ."

ಈ ಸಲದ ನಗೆ ನಮ್ಮ ಕಡೆಯಿಂದ ಬಂತು. ಮೊಮ್ಮಗಳು ಬಳೆ ತುಂಬಿದ ಕೈಯಿಂದ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೀಗರ ಅಜ್ಜಿಯೂ ನಕ್ಕು, ಕೈಯಲ್ಲಿದ್ದದ್ದನ್ನು ತಿಂದು, ಸುಮ್ಮನೆ ಇನ್ನೊಂದಕ್ಕೆ ಕೈಚಾಚಿದರು. ಊಟಕ್ಕೆ ಅಕ್ಕ ಪಂಕ್ತಿಯ ನಡುವೆ ಕೂತಳು. ಅನ್ನ ಮೆತ್ತಗೆ ಕಲಸಿ ಉಂಡಳು, ಪಾಯಸ ಎರಡು ಸಲ ಹಾಕಿಸಿಕೊಂಡಳು. ಹಪ್ಪಳವನ್ನು ನನ್ನ ಎಲೆಗೆ ದೂಡಿದಳು.

ಬರುವಾಗ ಡಬ್ಬದಲ್ಲಿ ಎರಡು ಉಳಿದಿದ್ದವು. ಬಸ್ಸು ಕೋಲಾರ ದಾಟುವಾಗ, ಎದುರು ಸೀಟಿನವರು ನೋಡುತ್ತಿದ್ದರೂ, ಅವಳು ಡಬ್ಬ ತೆರೆದು ಒಂದನ್ನು ನನಗೆ ಕೊಟ್ಟು ಒಂದನ್ನು ತಾನು ಬಾಯಿಗಿಟ್ಟಳು.

"ದೊರಸಾನಿ."

"ಏನಕ್ಕ?"

"ಇದು ನಿನ್ನ ಟ್ರೇದು. ಮುಂದಿನ ಸಲ ಇನ್ನೂ ಒಂದು ನಿಮಿಷ ಮುಂಚೆ ತೆಗಿ."

ನಾನು ನನ್ನದನ್ನು ಕಿವಿಯ ಹತ್ತಿರ ಹಿಡಿದು ಮುರಿಯಲು ನೋಡಿದೆ. ಅಭ್ಯಾಸಬಲ. ಅದು ಬಾಗಿತು, ಜಗ್ಗಿತು, ಸದ್ದಿಲ್ಲದೆ ಎರಡಾಯಿತು. ತಿಂದು ನೋಡಿದೆ. ಅವಳು ಹೇಳಿದ್ದು ಸರಿಯಾಗಿತ್ತು.