ನಳದ ನೀರು ಕೇಳುತ್ತಿದ್ದ ಮಳಗಿಯವರು

ಮಳಗಿಯವರು ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟು ನೇರವಾಗಿ ಅಡುಗೆಮನೆಯ ಸಿಂಕಿನ ಮುಂದೆ ಹೋಗಿ ನಿಲ್ಲುತ್ತಿದ್ದರು. ಮನೆಯಾಕೆ ಫ್ರಿಜ್ಜಿನ ಫಿಲ್ಟರ್ ನೀರಿಗೆ ಲೋಟ ಹಿಡಿದರೆ, "ಅದು ಬ್ಯಾಡ ತಂಗಿ, ನಳದ ನೀರು ಕೊಡು" ಎನ್ನುವರು. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಅತ್ತಿತ್ತ ಹೊರಳಿಸಿ, ನುಂಗಿದ ಮೇಲೆ ತೀರ್ಪು. "ಬೋರಿನ ನೀರಿಗೆ ಕೆರಿ ನೀರು ಕೂಡಿಸ್ಯಾರ." "ಕ್ಲೋರಿನ್ ಹಾಕಾವ ಇವತ್ತ ಸಿಟ್ಟಿನ್ಯಾಗ ಇದ್ದ ಕಾಣಸ್ತದ." ಇಟಲಿಯಿಂದ ಕಲ್ಲು ತರಿಸಿ ಅಡುಗೆಮನೆ ಕಟ್ಟಿಸಿದ್ದ ಹ್ಯೂಸ್ಟನ್ನಿನ ಡಾಕ್ಟರೊಬ್ಬರಿಗೆ, ತುಂಬಿದ ಮನೆಯ ಅತಿಥಿಗಳೆದುರು, "ಡಾಕ್ಟ್ರ, ನಿಮ್ಮ ಪೈಪಿನ್ಯಾಗ ಎಲ್ಲೋ ತಾಮ್ರ ಕರಗಲಿಕ್ಕೆ ಹತ್ತೇದ" ಎಂದುಬಿಟ್ಟಿದ್ದರು. ಡಾಕ್ಟರು ಆಮೇಲೆ ಅವರನ್ನು ಗಣೇಶನ ಹಬ್ಬಕ್ಕೆ ಕರೆಯಲಿಲ್ಲ. ಪೈಪನ್ನು ಮಾತ್ರ ಸದ್ದಿಲ್ಲದೆ ಬದಲಾಯಿಸಿದರೆಂದು ಕೇಳಿದೆ.

ಶೇಷಗಿರಿ ಮಳಗಿ ಧಾರವಾಡದವರು. ಹ್ಯೂಸ್ಟನ್ನಿನ ನಮ್ಮ ಕನ್ಸಲ್ಟಿಂಗ್ ಕಂಪನಿಯಲ್ಲಿ ನೀರು ಸರಬರಾಜು ವಿಭಾಗದ ಮುಖ್ಯಸ್ಥರು. ನಾನು ಮೈಸೂರಿನವನು, ಅವರ ಕೈಕೆಳಗಿನ ಎಂಜಿನಿಯರ್. ಆಫೀಸಿನಲ್ಲಿ ಅವರು ಸರ್, ಹಬ್ಬಗಳಲ್ಲಿ ನನ್ನ ಮಕ್ಕಳಿಗೆ ಮಳಗಿ ಅಂಕಲ್. ಹೆಂಡತಿ ಸತ್ತ ಮೇಲೆ ಅವರು ಊರಾಚೆಯ ದ ವುಡ್‌ಲ್ಯಾಂಡ್ಸ್ ಬಡಾವಣೆಯ ಮನೆಯಲ್ಲಿ ಒಬ್ಬರೇ ಇದ್ದುದರಿಂದ, ವಾರಕ್ಕೊಮ್ಮೆ ನಮ್ಮಲ್ಲಿ ಊಟ ಖಾಯಂ ಆಗಿತ್ತು. ನನ್ನ ಹೆಂಡತಿ ಸುಧಾ ಅವರ ತೀರ್ಪಿಗೆ ಹೆದರಿ, ಅವರು ಬರುವ ದಿನ ಬೆಳಿಗ್ಗೆ ನಲ್ಲಿಯ ಜಾಲರಿ ಬಿಚ್ಚಿ ತೊಳೆದಿಡುತ್ತಿದ್ದಳು.

ಅವರ ಮಟ್ಟಿಗೆ ಪ್ರಪಂಚದ ಅತಿ ದೊಡ್ಡ ಎಂಜಿನಿಯರ್ ಬಸಪ್ಪ. ಧಾರವಾಡದಲ್ಲಿ ಅವರ ಓಣಿಗೆ ನೀರು ಬಿಡುತ್ತಿದ್ದವನು. ಎಂಟು ದಿನಕ್ಕೊಮ್ಮೆ ನೀರು. ಹೆಗಲ ಮೇಲೆ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಹೊತ್ತು ಬಸಪ್ಪ ಬಂದನೆಂದರೆ ಓಣಿಯ ಕೊಡಗಳಿಗೆಲ್ಲ ಜೀವ ಬರುತ್ತಿತ್ತಂತೆ. "ಯಾರ ಮನ್ಯಾಗ ಬಾಣಂತಿ ಇದ್ದಾಳ, ಯಾರ ಮನ್ಯಾಗ ಮದಿವಿ ಅದ, ಎಲ್ಲಾ ಅವಗ ಗೊತ್ತಿತ್ತು. ಆ ಓಣಿಗೆ ಹತ್ತು ಮಿನಿಟು ಹೆಚ್ಚಿಗಿ ಬಿಡ್ತಿದ್ದ. ಸರ್ವಿಸ್ ಅಂದ್ರ ಪೈಪ್ ಅಲ್ಲೋ ತಮ್ಮಾ, ಕೀಲಿ ಹಿಡಿದ ಮನಷ್ಯಾ." ಕೋಟು ಹಾಕಿದ ದೊಡ್ಡವರ ಮೀಟಿಂಗಿನಲ್ಲೂ ಇದನ್ನೇ ಇಂಗ್ಲಿಷಿನಲ್ಲಿ ಹೇಳಿ ಎಲ್ಲರನ್ನೂ ಪೇಚಿಗೆ ಸಿಕ್ಕಿಸುತ್ತಿದ್ದರು.

ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪದೇಶದ ನೀರಿನ ಕೆಲಸ ನಮ್ಮ ಕಂಪನಿಗೆ ಬಂದಾಗ ಮಳಗಿಯವರಿಗೆ ಎರಡನೆಯ ಬಸಪ್ಪ ಸಿಕ್ಕಿದ. ದೇಶದ ಹೆಸರು ಬರೆಯುವುದಿಲ್ಲ. ಅಲ್ಲಿನವರಿಗೆ ನಾವು ಮಾಡಿದ್ದು ಸಾಕು, ಹೆಸರು ಬೇರೆ ಕೆಡಿಸಬೇಕಿಲ್ಲ. ನಾನೂ ಒಮ್ಮೆ ಅವರ ಜೊತೆ ಹೋಗಿದ್ದೆ. ಒಂದೇ ರಸ್ತೆ, ಅದರ ಎರಡೂ ಕಡೆ ನೀರು, ಬಲಕ್ಕೆ ಕಡಲು, ಎಡಕ್ಕೆ ಹಿನ್ನೀರು. ನದಿಯಿಲ್ಲ, ಕೆರೆಯಿಲ್ಲ, ಗುಡ್ಡವಂತೂ ಇಲ್ಲವೇ ಇಲ್ಲ. ಮಳೆಯ ನೀರು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ಇಡೀ ಊರು ಕುಡಿಯುವುದು ಅದನ್ನೇ. ಮಳಗಿಯವರು ಅಲ್ಲಿನ ಸರಕಾರಿ ಕಚೇರಿಯ ಕಟ್ಟೆಯ ಮೇಲೆ ಕೂತು ಹೇಳಿದ್ದರು, "ಹಾಲಿನ ಮ್ಯಾಲಿನ ಕೆನಿ ಇದ್ದಂಗ ಇದು. ಸಾವಕಾಶ ತಗದ್ರ ಕೆನಿ ಸಿಗ್ತದ. ಅವಸರ ಮಾಡಿ ಕಲಕಿದ್ರ ಕೆನೀನೂ ಹೋತು, ಹಾಲೂ ಹೋತು."

ಅಲ್ಲಿ ಕೀಲಿ ಹಿಡಿದಿದ್ದವನು ತಾವಿತ, ನೀರಿನ ಇಲಾಖೆಯ ನೌಕರ, ಐವತ್ತು ದಾಟಿದ ದಪ್ಪ ಆಸಾಮಿ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನೀರು ಬಿಡುತ್ತಿದ್ದ. ಯಾರ ಮನೆಯಲ್ಲಿ ಸಾವಾಗಿದೆ, ಯಾರ ಮನೆಗೆ ನೆಂಟರು ದೋಣಿಯಲ್ಲಿ ಬಂದಿದ್ದಾರೆ ಎಂಬುದು ಅವನಿಗೂ ಗೊತ್ತಿತ್ತು. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ಒಬ್ಬರದು ಧಾರವಾಡದ ಇಂಗ್ಲಿಷು, ಇನ್ನೊಬ್ಬನದು ಕಡಲಿನದು, ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ನನಗಿಂತ ಬೇಗ ತಿಳಿಯುತ್ತಿತ್ತು. ಮಳಗಿಯವರು ಸಣ್ಣ ಸಣ್ಣ ಪಂಪು ಹಾಕಿಸಿದರು. ಚರ್ಚು, ಶಾಲೆಗಳ ಮಾಡಿನ ನೀರು ಹಿಡಿಯಲು ತೊಟ್ಟಿ ಕಟ್ಟಿಸಿದರು. ದಿನಾ ಬೆಳಿಗ್ಗೆ ಬಾವಿಯ ನೀರನ್ನು ಬಾಯಲ್ಲಿ ಹೊರಳಿಸಿ ಉಪ್ಪು ನೋಡುವುದನ್ನು ತಾವಿತನಿಗೆ ಕಲಿಸಿದರು. ಮೀಟರ್ ಇತ್ತು. ಮೀಟರ್ ಕೆಟ್ಟರೆ ರಿಪೇರಿಗೆ ಹಡಗು ಬರಬೇಕು, ನಾಲಿಗೆ ಕೆಡುವುದಿಲ್ಲ ಎಂದು ಅವರ ವಾದ.

ಎರಡನೆಯ ಹಂತದ ಯೋಜನೆ ಬಂದಾಗ ಅದಕ್ಕೆ ದುಡ್ಡು ಕೊಡುವ ಹೊರದೇಶದ ಸಂಸ್ಥೆಯವರಿಗೆ ಒಂದೇ ಹಟ, ಇಪ್ಪತ್ನಾಲ್ಕು ಗಂಟೆ ನೀರು. ನಲ್ಲಿ ತಿರುಗಿಸಿ ನಗುವ ಮಗುವಿನ ಫೋಟೋ ಬೇಕಿತ್ತು ಅವರಿಗೆ. ಮಳಗಿಯವರು ವರದಿಯಲ್ಲಿ ಒಂದು ಹಾಳೆ ಬರೆದಿಟ್ಟರು. ಪಂಪುಗಳನ್ನು ಇಷ್ಟಕ್ಕಿಂತ ಹೆಚ್ಚು ಓಡಿಸಬಾರದು, ಮಳೆ ಹಿಂದಾದ ತಿಂಗಳುಗಳಲ್ಲಿ ಹೊಸದಾಗಿ ಹಾಕುವ ದೊಡ್ಡ ಪಂಪನ್ನು ಮುಟ್ಟಲೇಬಾರದು, ತಾವಿತನ ನಾಲಿಗೆಗೆ ಉಪ್ಪು ಹತ್ತಿದ ದಿನ ಎಲ್ಲವನ್ನೂ ನಿಲ್ಲಿಸಬೇಕು. ಅಷ್ಟೇ. ಅಷ್ಟು ಬರೆದು ಅವರು ಬೈಪಾಸ್ ಸರ್ಜರಿಗೆಂದು ಆಸ್ಪತ್ರೆಗೆ ಅಡ್ಮಿಟ್ ಆದರು. ಹೋಗುವ ಮುಂಚೆ ನನ್ನ ಹೆಗಲು ತಟ್ಟಿ, "ವರದಿ ನಿನ್ನ ಕೈಯಾಗ ಅದ ಶ್ರೀಧರಾ. ಆ ಹಾಳಿ ಹುಷಾರು" ಎಂದರು.

ಆ ಹಾಳೆಯನ್ನು ತೆಗೆದವನು ನಾನು. ಮೇಲಿನವರು ಕರೆದು, ಈ ಪುಟ ಗಿರಾಕಿಯನ್ನು ಗಾಬರಿಪಡಿಸುತ್ತದೆ, ಇದನ್ನು ನಮ್ಮ ಫೈಲಿನಲ್ಲೇ ಇಟ್ಟುಕೊಳ್ಳೋಣ ಎಂದರು. ಆಜ್ಞೆ ಮಾಡಲಿಲ್ಲ, ಬೈಯಲಿಲ್ಲ, ಕಾಫಿ ಬೇರೆ ಕೊಟ್ಟರು. ನನ್ನ ಗ್ರೀನ್ ಕಾರ್ಡಿನ ಕಾಗದಗಳು ಅದೇ ಕಂಪನಿಯ ಮೂಲಕ ಹೋಗಿದ್ದವು, ಅದು ಅವರಿಗೂ ಗೊತ್ತಿತ್ತು, ನನಗಂತೂ ಗೊತ್ತೇ ಇತ್ತು. ಹೊಟ್ಟೆಪಾಡು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು, ಪುಕ್ಕಲುತನ. ವರದಿಯ ಮೊದಲ ಪುಟದಲ್ಲಿ, ಪರಿಶೀಲಿಸಿದವರು ಎಂಬಲ್ಲಿ, ಮಳಗಿಯವರ ಹೆಸರು ಹಾಗೇ ಇತ್ತು. ಅದನ್ನು ತೆಗೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಗುಣವಾಗಿ ಮನೆಗೆ ಬಂದ ಮಳಗಿಯವರು ಹಾಗೇ ನಿವೃತ್ತರಾದರು. ವರದಿ ಹೋಯಿತಾ ಎಂದು ಕೇಳಿದರು. ಹೋಯಿತು ಸರ್ ಎಂದೆ. ಆ ಕೆಲಸಕ್ಕಾಗಿ ಕಂಪನಿಗೆ ಒಂದು ಗಾಜಿನ ಫಲಕ ಬಂತು, ನನಗೆ ಬಡ್ತಿ.

ಕೆಲವು ವರ್ಷದ ಮೇಲೆ ಟೆಕ್ಸಸ್ಸಿಗೆ ಹಿಂದೆಂದೂ ಕಾಣದ ಚಳಿ ಬಂತು. ಕರೆಂಟು ಹೋಯಿತು, ಪೈಪುಗಳು ಒಡೆದವು, ನಲ್ಲಿಗಳು ಬತ್ತಿದವು. ಭೂಮಿಯೊಳಗಿನ ಎಣ್ಣೆಯನ್ನೆಲ್ಲ ಹೀರಬಲ್ಲ ಊರಿನಲ್ಲಿ ಶೌಚಕ್ಕೆ ನೀರಿಲ್ಲ. ಮಳಗಿಯವರು ಮಾತ್ರ ಹವಾಮಾನದ ಸುದ್ದಿ ಕೇಳಿದ ದಿನವೇ ಬಾತ್‌ಟಬ್ಬು, ಪ್ಲಾಸ್ಟಿಕ್ ಡಬ್ಬಿ, ಹೋಳಿಗೆಯ ಪಾತ್ರೆ, ಕುಕ್ಕರು, ಹೆಂಡತಿಯ ಹಳೆಯ ಹಿತ್ತಾಳೆ ಕೊಡ, ಎಲ್ಲವನ್ನೂ ತುಂಬಿಸಿಟ್ಟಿದ್ದರು. ಧಾರವಾಡದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಬಕೆಟ್ ಹಿಡಿದು ಹೋದಾಗ ಅವರ ಗ್ಯಾರೇಜಿನ ಮುಂದೆ ಸಾಲು ನಿಂತಿತ್ತು. ಎಣ್ಣೆ ಕಂಪನಿಯ ನಿವೃತ್ತ ಉಪಾಧ್ಯಕ್ಷ ಡ್ರೆಸ್ಸಿಂಗ್ ಗೌನಿನಲ್ಲೇ ಪಾತ್ರೆ ಹಿಡಿದು ನಿಂತಿದ್ದ. ಮಳಗಿಯವರು ಉಣ್ಣೆಯ ಟೋಪಿ ಹಾಕಿಕೊಂಡು, ಮಗ್ಗಿನಲ್ಲಿ ಅಳೆದು ಹಾಕುತ್ತ, "ಕೂಸು ಇದ್ದವರು ಮೊದಲು ಬರ್ರಿ" ಎಂದು ಕನ್ನಡದಲ್ಲೇ ಕೂಗುತ್ತಿದ್ದರು. ಜನಕ್ಕೆ ಅರ್ಥವೂ ಆಗುತ್ತಿತ್ತು. ಅಷ್ಟು ಖುಷಿಯಾಗಿ ನಾನು ಅವರನ್ನು ಯಾವತ್ತೂ ನೋಡಿರಲಿಲ್ಲ.

ಆಗ ಫೋನು ಬಂತು. ಅವರ ಕೈ ಒದ್ದೆಯಾಗಿದ್ದರಿಂದ ನಾನೇ ಸ್ಪೀಕರಿಗೆ ಹಾಕಿ ಹಿಡಿದೆ. ತಾವಿತ. ಟೆಕ್ಸಸ್ಸಿನಲ್ಲಿ ನೀರಿಲ್ಲ ಎಂದು ಟಿವಿಯಲ್ಲಿ ನೋಡಿದೆ ಸರ್, ನಿಮಗೆ ಕುಡಿಯಲು ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಮಳಗಿಯವರು ನಕ್ಕು, ಇದೆ ಮಾರಾಯ, ನಿನ್ನ ಬಾವಿ ಹೇಗಿದೆ ಎಂದು ಕೇಳಿದರು. ಅವನು ಹೇಳಿದ್ದು ನನಗೆ ಒಂದೊಂದು ಮಾತೂ ನೆನಪಿದೆ. ಈ ಸಲ ಮಳೆ ಹಿಂದಾಗಿದೆ, ತಿಂಗಳಿನಿಂದ ನಾಲಿಗೆಗೆ ಉಪ್ಪು ಹತ್ತುತ್ತಿದೆ, ಪಂಪು ನಿಲ್ಲಿಸೋಣ ಅಂತ ನನಗೆ ಅನ್ನಿಸಿತ್ತು, ಆದರೆ ವರದಿಯಲ್ಲಿ ಹಾಗಿಲ್ಲ, ವರದಿಯ ಮೇಲೆ ನಿಮ್ಮ ಹೆಸರಿದೆ, ಹಾಗಾಗಿ ಓಡಿಸುತ್ತಿದ್ದೇವೆ ಸರ್.

ಈಗಲೇ ನಿಲ್ಲಿಸು ಎಂದು ಅವನಿಗೆ ಹೇಳಿ ಮಳಗಿಯವರು ಮಗ್ಗನ್ನು ಡಬ್ಬಿಯಲ್ಲಿ ಬಿಟ್ಟರು. ಸಾಲಿನಲ್ಲಿದ್ದವರು ಕಾಯುತ್ತಿದ್ದರು. ನನ್ನನ್ನು ಒಳಗೆ ಕರೆದುಕೊಂಡು ಹೋದರು.

"ನನ್ನ ಹಾಳಿ ಎಲ್ಲದ?"

"ತೆಗೆದೆ ಸರ್. ಮೇಲಿನವರು ಹೇಳಿದ್ರು. ಆಗ ನನ್ನ ಗ್ರೀನ್ ಕಾರ್ಡು..."

"ತಗದಿ. ಆತು. ನನ್ನ ಹೆಸರರ ತಗೀಬೇಕಾಗಿತ್ತಲ್ಲೋ." ಅವರ ದನಿ ಏರಲಿಲ್ಲ. "ಬರೇ ನಿನ್ನ ಹೆಸರಿದ್ದಿದ್ರ ಅಂವಾ ನಿಲ್ಲಸ್ತಿದ್ದ. ತನ್ನ ನಾಲಿಗಿ ನಂಬತಿದ್ದ."

ಅಷ್ಟು ಹೇಳಿ ಹೊರಗೆ ಹೋಗಿ ಮತ್ತೆ ನೀರು ಹಾಕತೊಡಗಿದರು. ನನ್ನ ಸರದಿ ಬಂದಾಗ ನನ್ನ ಬಕೆಟಿಗೂ ಹಾಕಿದರು, ಎಲ್ಲರಿಗೂ ಹಾಕಿದಷ್ಟೇ.

ಕಾಲ ಮಿಂಚಿತ್ತು. ಒಮ್ಮೆ ಬಾವಿಗೆ ಮೇಲೇರಿದ ಉಪ್ಪು ಬೇಗ ಇಳಿಯುವುದಿಲ್ಲ. ಉಪ್ಪು ತಿಂದವನು ನೀರು ಕುಡಿಯಬೇಕು ಎಂದು ಗಾದೆ. ಇಲ್ಲಿ ತಿಂದವನು ನಾನು, ಉಪ್ಪುನೀರು ಕುಡಿದವರು ಅವರು. ಕಡಲ ನೀರನ್ನು ಸಿಹಿ ಮಾಡುವ ಯಂತ್ರವೊಂದನ್ನು ಇನ್ಯಾರೋ ಕಳಿಸಿಕೊಟ್ಟರು. ಅದರ ಒಂದು ಬಿಡಿಭಾಗ ಕೆಟ್ಟು, ಹಡಗು ಕಾಯುತ್ತ ಕೂತಿದೆ ಎಂದು ಕೇಳಿದೆ. ಮಳಗಿಯವರು ಕಂಪನಿಗೂ ದುಡ್ಡು ಕೊಟ್ಟವರಿಗೂ ಪತ್ರದ ಮೇಲೆ ಪತ್ರ ಬರೆದರು. ಅವರ ಕಾಳಜಿಗೆ ಧನ್ಯವಾದ ಹೇಳಿ ಉತ್ತರಗಳು ಬಂದವು. ಕೊನೆಗೆ, ಬೈಪಾಸ್ ಆದ ಎದೆ ಹೊತ್ತು, ಮಗಳು ಅನಘಾ ಬೇಡವೆಂದರೂ ಕೇಳದೆ, ಮೂರು ವಿಮಾನ ಬದಲಿಸಿ ದ್ವೀಪಕ್ಕೆ ಹೋಗಿಬಂದರು.

ನಾನು ಅಷ್ಟರಲ್ಲಿ ಕೆಲಸ ಬದಲಿಸಿ ಆಸ್ಟಿನ್ ಹತ್ತಿರದ ಲಿಯಾಂಡರಿನಲ್ಲಿ ಹೊಸ ಮನೆ ತೆಗೆದುಕೊಂಡಿದ್ದೆ. ಗೃಹಪ್ರವೇಶಕ್ಕೆ ಕರೆದೆ. ಬರಲಾರರು ಎಂದುಕೊಂಡಿದ್ದೆ, ಬಂದರು. ಪೂಜೆ ಮುಗಿದ ಮೇಲೆ ನನ್ನನ್ನು ಹಿತ್ತಲಿಗೆ ಕರೆದು ಚೀಲದಿಂದ ಒಂದು ಬಾಟಲಿ ತೆಗೆದರು. "ತಾವಿತನ ಬಾವೀ ನೀರು. ನೋಡು" ಎಂದರು. ಮುಚ್ಚಳ ತೆಗೆದು ಬಾಯಿಗೆ ಹಾಕಿಕೊಂಡೆ. ನುಂಗಲಾಗಲಿಲ್ಲ. ಹುಲ್ಲಿನ ಮೇಲೆ ಉಗುಳಿದೆ.

"ಅವರ ಊರಾಗ ಉಗಳೂ ಹಂಗಿಲ್ಲ" ಎಂದರು. "ತಾವಿತ ಬೈಲಿಲ್ಲೋ. ಎಳನೀರು ಕೊಟ್ಟ. ನೀರು ಕೊಡಲಿಕ್ಕೆ ಅವಗ ನಾಚಿಕಿ ಆತು. ಮನಿಗೆ ಬಂದವರಿಗೆ ಒಂದು ವಾಟಗಾ ನೀರು ಕೊಡಲಾರದಂಗ ಮಾಡಿದ್ವಲ್ಲ."

ಆಮೇಲೆ ಒಳಗೆ ಬಂದು ಎಲೆಯ ಮುಂದೆ ಕೂತರು. ಕೋಸಂಬರಿಯಿಂದ ಮೊಸರನ್ನದವರೆಗೆ ಎಲ್ಲವನ್ನೂ ಬಡಿಸಿಕೊಂಡು ಉಂಡರು. ಹೋಳಿಗೆ ಚೆನ್ನಾಗಿದೆ ಎಂದು ಸುಧಾಗೆ ಹೇಳಿದರು. ಮಕ್ಕಳಿಗೆ ಆಶೀರ್ವಾದ ಮಾಡಿದರು. ಎಲೆಯ ಪಕ್ಕದ ಲೋಟದ ನೀರು ಮಾತ್ರ ಹಾಕಿದಷ್ಟೇ ಇತ್ತು. ಬಿಕ್ಕಳಿಕೆ ಬಂದಾಗಲೂ ಮುಟ್ಟಲಿಲ್ಲ. ಹೊರಡುವಾಗ ಕಿಟಕಿಯಿಂದ ನೋಡಿದೆ. ಕಾರಿನಲ್ಲಿ ಕೂತು, ಮನೆಯಿಂದ ತಂದಿದ್ದ ಬೇರೊಂದು ಬಾಟಲಿಯ ನೀರನ್ನು ಎತ್ತಿ ಗಟಗಟ ಕುಡಿದರು.

"ಸದ್ಯ, ಅಂಕಲ್ ಇವತ್ತು ನಲ್ಲಿ ನೀರು ಕೇಳ್ಲಿಲ್ಲ" ಎಂದಳು ಸುಧಾ. "ಈ ಊರಿನ ಸುಣ್ಣದ ನೀರಿಗೆ ಎಲ್ರ ಮುಂದೆ ಏನಂತಾರೋ ಅಂತ ಹೆದ್ರಿದ್ದೆ."

ಎರಡು ವರ್ಷ ಕಳೆದು, ಅವರ ಹೃದಯ ಸೋತು, ಮಗಳು ಅನಘಾ ತಂದೆಯನ್ನು ಡಲ್ಲಸ್ ಹತ್ತಿರದ ಸೌತ್‌ಲೇಕಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಇನ್ನು ಆಸ್ಪತ್ರೆ ಬೇಡ ಎಂದು ಅವರೇ ಹೇಳಿದ್ದರಂತೆ. ಸುದ್ದಿ ತಿಳಿದು ಡ್ರೈವ್ ಮಾಡಿಕೊಂಡು ಹೋದೆ. ಮಧ್ಯಾಹ್ನದ ಬಿಸಿಲು. ಸೌತ್‌ಲೇಕಿನ ಪ್ರತಿ ಮನೆಯ ಮುಂದೆಯೂ ಹುಲ್ಲಿಗೆ ನೀರು ಚಿಮ್ಮುತ್ತಿತ್ತು, ಅರ್ಧ ರಸ್ತೆಗೇ ಬೀಳುತ್ತಿತ್ತು. ಮಳಗಿಯವರ ಮಂಚ ಅಡುಗೆಮನೆಗೆ ಹೊಂದಿಕೊಂಡ ಕೋಣೆಯಲ್ಲಿತ್ತು. ಬಹಳ ಸಣ್ಣಗಾಗಿದ್ದರು. ನನ್ನನ್ನು ಗುರುತಿಸಿ, "ಬಾ, ಕೂಡು" ಎಂದರು.

ಅನಘಾ ನರ್ಸಿಗೆ ಬಾಗಿಲು ತೆಗೆಯಲು ಹೋದಳು. "ನೀರು" ಎಂದರು ಮಳಗಿಯವರು. ನಾನು ಎದ್ದು, ಸಿಂಕಿನ ನಲ್ಲಿಯಿಂದ ಲೋಟದಲ್ಲಿ ನೀರು ಹಿಡಿದು, ಚಮಚದೊಂದಿಗೆ ತಂದೆ. ಅವರು ಲೋಟ ನೋಡಿದರು, ನನ್ನ ಮುಖ ನೋಡಿದರು.

"ಅನಘಾ ಬರ್ಲಿ" ಎಂದರು.

ಅವಳು ಬಾಗಿಲಲ್ಲಿ ನರ್ಸಿನ ಕಾಗದಗಳಿಗೆ ಸಹಿ ಹಾಕುತ್ತಿದ್ದಳು. ನಾಲ್ಕೈದು ನಿಮಿಷವಾಯಿತು. ಅವರ ತುಟಿ ಒಣಗಿ ಬಿಳಿಚಿತ್ತು. ಅಷ್ಟು ಹೊತ್ತೂ ಕಾದರು. ನಡುವೆ, "ಹುಡುಗರ ಸಾಲಿ ಹೆಂಗ ನಡದದ?" ಎಂದು ಕೇಳಿದರು. ಚೆನ್ನಾಗಿ ನಡೀತಿದೆ ಸರ್ ಎಂದೆ. ಅನಘಾ ಬಂದು ಅದೇ ನಲ್ಲಿಯಿಂದ ಇನ್ನೊಂದು ಲೋಟದಲ್ಲಿ ನೀರು ಹಿಡಿದು ಚಮಚ ಚಮಚವಾಗಿ ಕುಡಿಸಿದಳು. ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಹೊರಳಿಸಿ, ನುಂಗಿದರು. ತೀರ್ಪೇನೂ ಬರಲಿಲ್ಲ. ಮೂರನೆಯ ದಿನ ಹೋದರು ಎಂದು ಅವಳ ಮೆಸೇಜು ಬಂತು.

ನೋಡಲು ಹೋದ ಆ ಮಧ್ಯಾಹ್ನ ನಾನು ಹಿಡಿದು ತಂದ ಲೋಟ ನನ್ನ ಕೈಯಲ್ಲೇ ಉಳಿದಿತ್ತು. ಅಡುಗೆಮನೆಗೆ ಹೋದೆ. ಸಿಂಕಿಗೆ ಚೆಲ್ಲಲು ಮನಸ್ಸು ಬರಲಿಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಅವರು ಮಾಡುತ್ತಿದ್ದ ಹಾಗೆ ಕಣ್ಣು ಮುಚ್ಚಿದೆ. ತುಸು ಕ್ಲೋರಿನ್ನು, ಉಪ್ಪು ಒಂದು ಚೂರೂ ಇಲ್ಲ. ಒಳ್ಳೆಯ ನೀರು. ಬೇರೆ ಯಾರು ಕೊಟ್ಟಿದ್ದರೂ ಅವರು ಕುಡಿಯುತ್ತಿದ್ದರು.